ನಿಂತ ಮಗ್ಗಕ್ಕೆ ಮತ್ತೆ ಲಾಳಿ

ಆಳಂದ ತಾಲ್ಲೂಕಿನ ಸರಸಂಬಾ ಕಡೆಯ ಗೆಳೆಯರೊಬ್ಬರ ಮನೆಯಲ್ಲಿ ಹಳೇ ಕುಣಿಮಗ್ಗ ಒಂದಿದೆ ಅಂತ ಇಟ್ಕೊಳ್ಳೋಣ. ವರ್ಷಗಟ್ಟಲೆ ಯಾರೂ ಮುಟ್ಟಿಲ್ಲ. ಅದರ ಮೇಲೆ ಜೋಳದ ಚೀಲ, ಕೆಳಗೆ ಇಲಿ. ಗಡಿ ದಾಟಿದರೆ ಪವರ್‌ಲೂಮುಗಳ ಸೊಲ್ಲಾಪುರ. ಅಲ್ಲಿಂದ ಚಾದರ ಅಗ್ಗಕ್ಕೆ ಬರುವಾಗ ಮನೆಮಗ್ಗ ನಿಂತುಹೋದರೆ ಆಶ್ಚರ್ಯವೇನಿಲ್ಲ. ಈಗ ಮನೆಯವರು ಕೇಳೋ ಪ್ರಶ್ನೆ ಒಂದೇ: ಇದನ್ನ ಸೌದೆಗೆ ಹಾಕೋದಾ, ರಿಪೇರಿ ಮಾಡೋದಾ? ರಿಪೇರಿ ಅಂತಾದರೆ ನಾವು ಎಲ್ಲಿಂದ ಶುರು ಮಾಡ್ಬೇಕು ಅನ್ನೋದು ಈ ಪಾಠ.

ಇಂಜಿನಿಯರಿಂಗ್ ಓದೋರ ಮೊದಲ ಆಸೆ ಬಿಚ್ಚೋದು, ಒರೆಸೋದು, ಎಣ್ಣೆ ಹಾಕೋದು. ಸ್ವಲ್ಪ ತಡೀಬೇಕು. ಮಗ್ಗದ ಮೇಲೆ ಹಳೇ ಹಾಸಿನ ಎಳೆಗಳು ಉಳಿದಿದ್ದರೆ, ಎಷ್ಟೇ ಧೂಳು ಹಿಡಿದಿರಲಿ, ಕತ್ತರಿ ಹಾಕಬಾರದು. ಯಾವ ಎಳೆ ಯಾವ ಹೀಲ್ಡ್ ಕಣ್ಣಿನಲ್ಲಿ ಹಾದು ಫಣಿಯ ಯಾವ ಸಂದಿಯಲ್ಲಿ ಬಂದಿದೆ ಅನ್ನೋದೇ ಆ ಮಗ್ಗದ ಪ್ರೋಗ್ರಾಂ, ಅದರ ಕಾಪಿ ಬೇರೆ ಎಲ್ಲೂ ಇರಲ್ಲ. ಅದರ ಮೇಲೆ ಕೂತು ನೇಯ್ದ ಅಜ್ಜಿಯೋ ಅಜ್ಜನೋ ಇನ್ನೂ ಇದ್ದರೆ ಮರ ಮುಟ್ಟೋದಕ್ಕಿಂತ ಮೊದಲು ಅವರ ಹತ್ರ ಕೂರಬೇಕು. ಭಾಗಗಳ ಹೆಸರು ಊರಿಂದ ಊರಿಗೆ ಬದಲಾಗುತ್ತೆ, ಆ ಮನೆಯ ಹೆಸರನ್ನೇ ಬರೆದುಕೊಳ್ಳೋಣ. ಜೇಡರ ದಾಸಿಮಯ್ಯನ ಮುದನೂರು ನಮ್ಮ ಪಕ್ಕದ ಸುರಪುರ ಸೀಮೆಯದೇ. ಪರೀಕ್ಷೆಗೆ ಅವನ ವಚನ ಓದಿದ ನಮ್ಮಲ್ಲಿ ಎಷ್ಟು ಮಂದಿ ಫಣಿಯನ್ನು ಕಣ್ಣಾರೆ ನೋಡಿದ್ದೀವಿ?

ಹಳೇ ಎಳೆಗಳ ಬೆಲೆ ಲೆಕ್ಕದಲ್ಲೂ ಗೊತ್ತಾಗುತ್ತೆ. ಫಣಿಯ ನಂಬರನ್ನು ಸಾಮಾನ್ಯವಾಗಿ 2 ಇಂಚಿನಲ್ಲಿ ಎಷ್ಟು ಸಂದಿ ಅಂತ ಎಣಿಸುತ್ತಾರೆ. 80ರ ಫಣಿ ಅಂದರೆ ಇಂಚಿಗೆ 40 ಸಂದಿ. ಸಂದಿಗೆ ಎರಡೆರಡು ಎಳೆ ಹಾಕಿದರೆ ಇಂಚಿಗೆ 80 ಎಳೆ, 45 ಇಂಚು ಅಗಲಕ್ಕೆ 3,600 ಎಳೆ. ಹಳೇ ತುದಿಗಳು ಇದ್ದರೆ ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದಕ್ಕೆ ಹೊಸೆದು ಮುಂದಕ್ಕೆ ಎಳೆದುಕೊಂಡರಾಯ್ತು. ಬೆರಳು ಜಾರದಂತೆ ಬೂದಿ ಮುಟ್ಟಿಕೊಂಡು ಹೊಸೆಯುವ ನೇಕಾರರಿದ್ದಾರೆ. ಒಂದು ಜೋಡಣೆಗೆ 10 ಸೆಕೆಂಡ್ ಅಂತ ಹಿಡಿದರೂ 10 ಗಂಟೆ ಕೆಲಸ. ತುದಿಗಳನ್ನ ಕತ್ತರಿಸಿ ಬಿಸಾಡಿದ್ದರೆ 3,600 ಎಳೆಯನ್ನೂ ಮೊದಲು ಕಣ್ಣಿಗೆ, ಆಮೇಲೆ ಫಣಿಗೆ ಪೋಣಿಸಬೇಕು, ಅದೂ ಸರಿಯಾದ ಕ್ರಮ ನೆನಪಿದ್ದವರು ಇದ್ದರೆ. ಈ ಕೈಕೆಲಸ ನಮ್ಮಿಂದ ಆಗದಿದ್ದರೆ ಇಳಕಲ್ಲಿನವರನ್ನ ಕೇಳಬಹುದು. ಅಲ್ಲಿ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸೋದು ಪ್ರತಿ ಸೀರೆಯ ಕೆಲಸ.

ಮರದ ಕೆಲಸ ಅಷ್ಟು ಕಷ್ಟದ್ದಲ್ಲ. ನೆಲದಲ್ಲಿ ಹೂತ ಕಂಬಗಳ ಬುಡಕ್ಕೆ ಗೆದ್ದಲು ಬಿದ್ದಿದೆಯಾ ಅಂತ ಮೊಳೆಯಿಂದ ಚುಚ್ಚಿ ನೋಡಿ, ಮೆತ್ತಗಾಗಿದ್ದರೆ ಬುಡ ಬದಲಿಸಬೇಕು. ಚೌಕಟ್ಟಿನ ಎರಡು ಕರ್ಣ ಅಳೆಯಿರಿ. ಸಮ ಬರದಿದ್ದರೆ ಚೌಕ ವಾರೆಯಾಗಿದೆ, ಮುಂದೆ ಬಟ್ಟೆಯೂ ವಾರೆಯಾಗೇ ಬರುತ್ತೆ. ಫಣಿಯ ತುಕ್ಕನ್ನು ತುಂಬಾ ನಯವಾದ ಉಜ್ಜುಕಾಗದದಿಂದ ತೆಗೆದು ಒಣಬಟ್ಟೆಯಲ್ಲಿ ಒರೆಸಬೇಕು. ಅಲ್ಲಿ ಎಣ್ಣೆ ಉಳಿದರೆ ಮೊದಲ ಗಜದ ಬಟ್ಟೆ ಕಲೆಯೇ. ಲಾಳಿಯ ಮೈಯಲ್ಲಿ ಸಣ್ಣ ಸಿಬಿರು ಇದ್ದರೂ ಅದು ಹಾಸನ್ನು ಹರಿಯುತ್ತೆ, ಕೈಯಾಡಿಸಿ ನೋಡಿ ಉಜ್ಜಿ ಜೇನುಮೇಣ ಹಚ್ಚೋಣ. ಇಲಿ ಕಡಿದ ಹೀಲ್ಡ್ ಎಷ್ಟಿದೆಯೋ ಅಷ್ಟನ್ನು ಮಾತ್ರ ಹೊಸದಾಗಿ ಕಟ್ಟಿದರೆ ಸಾಕು.

ಲಾಳಿಯನ್ನು ಹಗ್ಗ ಜಗ್ಗಿ ಹಾರಿಸುವ ಏರ್ಪಾಡು ಜಾನ್ ಕೇ 1733ರಲ್ಲಿ ಪೇಟೆಂಟ್ ಪಡೆದದ್ದು. ನಮ್ಮ ಮಗ್ಗದಲ್ಲಿ ಅದಿದ್ದರೆ ಎರಡೂ ಬದಿಯ ಪೆಟ್ಟಿಗೆಯಲ್ಲಿ ಲಾಳಿಯನ್ನು ತಳ್ಳುವ ಪಿಕರ್ ಒಣಗಿ ಬಿರಿದಿರುತ್ತೆ, ಅದನ್ನ ಬದಲಿಸಲೇಬೇಕು. ಹಲಗೆಗೂ ಫಣಿಗೂ ನಡುವಿನ ಕೋನ 90 ಡಿಗ್ರಿಗಿಂತ ತುಸು ಕಡಿಮೆ ಇರಲಿ. ಆಗ ಲಾಳಿ ಫಣಿಗೆ ಒತ್ತಿಕೊಂಡೇ ಓಡುತ್ತೆ.

ಹಾಸಿನ ಉರುಳೆಗೆ ಹಗ್ಗ ಸುತ್ತಿ ತೂಕ ನೇತುಹಾಕಿದ್ದರೆ ಅಲ್ಲಿ ಕೂತಿರೋದು ನಮ್ಮ ಫಸ್ಟ್ ಇಯರ್ ಮೆಕ್ಯಾನಿಕ್ಸೇ. ಸುತ್ತಿದ ಹಗ್ಗದ ಎರಡು ಕಡೆಯ ಬಿಗಿಯ ಅನುಪಾತ, ಘರ್ಷಣಾಂಕ ಮತ್ತು ಸುತ್ತಿನ ಕೋನದ ಗುಣಲಬ್ಧಕ್ಕೆ ಘಾತೀಯವಾಗಿ ಏರುತ್ತೆ. ಘರ್ಷಣಾಂಕ 0.3 ಅಂತ ಹಿಡಿದರೆ ಒಂದು ಸುತ್ತಿಗೆ ಸುಮಾರು 6.6 ಪಟ್ಟು, ಎರಡು ಸುತ್ತಿಗೆ 43 ಪಟ್ಟು. ಬಿಗಿ ಸಾಲದು ಅಂತ ಸುಮ್ಮನೆ ಇನ್ನೊಂದು ಸುತ್ತು ಹಾಕಿದರೆ ಎಳೆಗಳು ಪಟಪಟ ಹರಿಯೋದು ಇದಕ್ಕೇ. ಸುತ್ತು ಬಿಟ್ಟು ತೂಕವನ್ನ ಬದಲಿಸಿ ನೋಡಬೇಕು.

ಅಂದಹಾಗೆ, ಇದನ್ನ ಬಿಚ್ಚಿ ಕಾಲೇಜಿಗೆ ತಂದು ಪ್ರದರ್ಶನಕ್ಕೆ ಇಡೋಣ ಅನ್ನೋ ಮಾತು ಯಾರಾದರೂ ತೆಗೀತಾರೆ. ನಮಗದು ಒಪ್ಪಿಗೆಯಿಲ್ಲ. ಕುಣಿ ಕಾಲಿಡೋಕೆ ಮಾತ್ರ ಅಲ್ಲ, ಮಣ್ಣಿನ ತೇವ ಹಾಸಿಗೆ ಹತ್ತಿರವಾಗಿರುತ್ತೆ. ಹತ್ತಿಯ ನೂಲು ತೇವದಲ್ಲಿ ಹೆಚ್ಚು ಗಟ್ಟಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಕಾಂಕ್ರೀಟ್ ನೆಲದ ಮೇಲೆ ಅದೇ ನೂಲು ಕಡ್ಡಿಯಂತೆ ಮುರಿಯುತ್ತೆ. ಕುಣಿಯ ಕಸ ತೆಗೆದು, ಗೋಡೆ ಕುಸಿದಿದ್ದರೆ ಕಟ್ಟಿ, ನೀರು ಚಿಮುಕಿಸಿ ಅಲ್ಲೇ ನಡೆಸೋದು ಒಳ್ಳೇದು. ನೇಯುವವರೂ ಅಲ್ಲೇ ಇದ್ದಾರಲ್ಲ.

ಕಾಲ್ಮಣೆಗಳನ್ನ ಕೊನೆಗೆ ಕಟ್ಟಬೇಕು. ಯಾರೂ ತುಳಿಯದೆ ಇರುವಾಗ ಎಲ್ಲಾ ಹೀಲ್ಡ್ ಕಣ್ಣುಗಳೂ ಒಂದೇ ಎತ್ತರದಲ್ಲಿ ನಿಲ್ಲಬೇಕು, ಅಡ್ಡಕ್ಕೆ ದಾರ ಕಟ್ಟಿ ನೋಡಿದರೆ ಗೊತ್ತಾಗುತ್ತೆ. ಒಂದು ಬದಿ ತುಳಿದಾಗ ಎಳೆಗಳ ನಡುವೆ ತೆರೆಯುವ ಬಾಯಿ ಲಾಳಿ ಉಜ್ಜದೆ ಹಾಯುವಷ್ಟಿರಲಿ, ಅದಕ್ಕಿಂತ ಹೆಚ್ಚಾದರೆ ಎಳೆಗೆ ವೃಥಾ ಎಳೆತ.

ಮೊದಲ ನಾಲ್ಕಾರು ಇಂಚು ದಪ್ಪ ನೂಲಿನಲ್ಲಿ ನೇಯ್ದು ಪರೀಕ್ಷೆ ಮಾಡೋಣ. ಬಟ್ಟೆಯಲ್ಲಿ ಒಮ್ಮೆ ಒತ್ತು, ಒಮ್ಮೆ ವಿರಳ ಪಟ್ಟೆ ಬಂದರೆ ಹಾಸಿನ ಉರುಳೆ ತಡೆದು ತಡೆದು ತಿರುಗ್ತಿದೆ. ಒಂದೇ ಅಂಚು ಮುದುಡಿದರೆ ಲಾಳಿಯೊಳಗಿನ ನೂಲಿನ ಬಿಗಿ ನೋಡಬೇಕು. ಲಾಳಿಯೇ ಹೊರಗೆ ಹಾರಿದರೆ ಹಾಸಿನ ಎಳೆ ಎಲ್ಲೋ ಸಡಿಲವಾಗಿ ದಾರಿಗೆ ಅಡ್ಡ ಬಂದಿದೆ, ಇಲ್ಲವೇ ಫಣಿ ವಾರೆ ಕೂತಿದೆ. ಲಾಳಿಯ ತುದಿ ಲೋಹದ್ದು. ಅದು ಸರಿಯಾಗುವ ತನಕ ಮಗ್ಗದ ಎಡಬಲಕ್ಕೆ ಯಾರನ್ನೂ, ಮುಖ್ಯವಾಗಿ ನೋಡೋಕೆ ಬಂದ ಮಕ್ಕಳನ್ನ, ಕೂರಿಸಬೇಡಿ.