ಸವರಿದ ಮಲ್ಲಿಗೆ

ಮಗೂ,

ನಿನ್ನ ಕಥೆ ಕೈಸೇರಿ ಎರಡು ವಾರವಾಯಿತು. ಉತ್ತರ ತಡವಾಗಿದ್ದು ಮಲ್ಲಿಗೆಯ ದೆಸೆಯಿಂದ. ಇಂಥದ್ದೇ ಕಥೆ ಕಳಿಸಿದ ಹುಡುಗರು ಇನ್ನೂ ನಾಲ್ಕೈದು ಜನರಿದ್ದಾರೆ, ಅದಕ್ಕೇ ನಿನಗೆ ಬರೆಯುವುದನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ.

ಮಾರ್ಗಶಿರದಲ್ಲಿ ಗಿಡ ಸವರದಿದ್ದರೆ ಬೇಸಿಗೆಯ ಹೂವಿನ ಆಸೆ ಬಿಡಬೇಕು. ಮೊದಲು ಕೆಲವು ದಿನ ನೀರು ನಿಲ್ಲಿಸುವುದು, ಆಮೇಲೆ ಒಂದೂವರೆ ಅಡಿ ಉಳಿಸಿ ಮೇಲಿನದೆಲ್ಲ ಕತ್ತರಿಸುವುದು, ಉಳಿದ ಎಲೆಯನ್ನೂ ಕೈಯಲ್ಲೇ ಉದುರಿಸುವುದು. ಮೊದಲ ವರ್ಷ ನನಗೆ ಮನಸ್ಸು ಬರಲಿಲ್ಲ. ತುದಿ ಚಿವುಟಿ ಬಿಟ್ಟೆ, ಸಾಲದ್ದಕ್ಕೆ ಯೂರಿಯಾ ಸುರಿದೆ. ಗಿಡ ಬೇಲಿಯಂತೆ ಹಬ್ಬಿತು. ಹೂವು ಮಾತ್ರ ದೇವರ ಪಟಕ್ಕೂ ಸಾಲಲಿಲ್ಲ. "ಹಸುವಿಗೆ ಹಾಕೋಕೆ ಬೆಳೆಸಿದ್ದೀಯೇನಮ್ಮ?" ಅಂದರು ಪಕ್ಕದ ಮನೆಯ ಅಜ್ಜಿ. ಮಲ್ಲಿಗೆ ಮೊಗ್ಗು ಕಚ್ಚುವುದು ಹೊಸ ಚಿಗುರಿನಲ್ಲಿ, ಹಳೆಯ ಕಡ್ಡಿಯಲ್ಲಲ್ಲ. ಅದನ್ನು ಕಲಿಸಿದ್ದೂ ಅವರೇ.

ನಿನ್ನ ಕಥೆಯ ಮೊದಲ ಮೂರು ಪುಟ ಆ ವರ್ಷದ ನನ್ನ ಗಿಡ. ಊರು, ಮಳೆ, ಅಜ್ಜನ ಕಣ್ಣು, ಎಲ್ಲಕ್ಕೂ ವರ್ಣನೆ. ಒಂದೊಂದೂ ಚೆಂದವೇ, ಅದೇ ತೊಂದರೆ. ವಿಶೇಷಣವೆಂದರೆ ಯೂರಿಯಾ, ಮಗೂ. ನಾಲ್ಕನೇ ಪುಟದಲ್ಲಿ ಅಜ್ಜ ಅಡಿಕೆ ಮಾರಿದ ದುಡ್ಡನ್ನು ಮೂರನೇ ಸಲ ಎಣಿಸಿ, ಒಂದು ನೋಟನ್ನು ಮಗನಿಗೆ ಕಾಣದಂತೆ ಪಂಚೆಯ ಮಡಿಕೆಗೆ ಸಿಕ್ಕಿಸಿಕೊಳ್ಳುತ್ತಾನಲ್ಲ, ಕಥೆ ಚಿಗುರಿದ್ದು ಅಲ್ಲಿ. ಅದಕ್ಕಿಂತ ಮೇಲಿರುವುದನ್ನೆಲ್ಲ ತೆಗೆದುಬಿಡು. ಸಂಕಟವಾಗುತ್ತದೆ, ಗೊತ್ತು. ತೆಗೆದದ್ದನ್ನು ಬೇಕಾದರೆ ಬೇರೆ ಹಾಳೆಯಲ್ಲಿಟ್ಟುಕೋ. ನಾನೂ ಸವರಿದ ಕಡ್ಡಿಗಳಲ್ಲಿ ನಾಲ್ಕನ್ನು ಮರಳಿನಲ್ಲಿ ಊರಿದ್ದೇನೆ, ಬೇರು ಬಿಟ್ಟರೂ ಬಿಟ್ಟೀತು.

ಹಾಗಂತ ತೇಜಸ್ವಿಯವರು ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡೇ 'ಕರ್ವಾಲೊ' ಬರೆದರೆಂದು ನೀನು ಗುದ್ದಲಿ ಹುಡುಕಿಕೊಂಡು ಹೊರಡಬೇಡ. ಆ ಕಾದಂಬರಿಯ ನಿರೂಪಕನಿಗೇ ಬೇಸಾಯ ಸಾಕಾಗಿ ಹೋಗಿರುತ್ತದೆ! ಬಾಲ್ಕನಿಯಲ್ಲಿ ಒಂದು ಕುಂಡ ಸಾಕು. ಕತ್ತರಿ ಹಿಡಿದ ಕೈಗೆ ಅಭ್ಯಾಸವಾಗಬೇಕು, ಅಷ್ಟೇ.

ನಮ್ಮ ಗಿಡ ಈಗ ಬರೀ ಕಡ್ಡಿ. ಬಂದವರೆಲ್ಲ "ಒಣಗಿ ಹೋಯಿತಾ?" ಅನ್ನುತ್ತಾರೆ. ನಿನ್ನೆ ಬುಡ ಬಿಡಿಸಿ, ಕೊಟ್ಟಿಗೆ ಗೊಬ್ಬರ ಹಾಕಿ ನೀರು ಬಿಟ್ಟೆ. ನೀನೂ ಮೂರು ಪುಟ ಕಿತ್ತ ಮೇಲೆ ಆ ಕಥೆಯನ್ನು ಸಂಕ್ರಾಂತಿವರೆಗೆ ಮುಟ್ಟಬೇಡ. ಎಳ್ಳು ಬೀರಲು ಬಂದಾಗ ತಂದು ಓದು. ಅಷ್ಟರಲ್ಲಿ ಇಲ್ಲೂ ಚಿಗುರು ಕಂಡಿರುತ್ತದೆ.

ನಿನ್ನ ದೊಡ್ಡಮ್ಮ