ಎರಡು ಮಣಿಕಟ್ಟಿಗೂ ಏಕೆ?

ಪ್ರಶ್ನೆ: ನಮ್ಮ ತಂದೆಯವರಿಗೆ ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಭಾಗ ಸ್ವಾಧೀನ ತಪ್ಪಿತ್ತು, ಈಗ ಎಡಗೈಯಲ್ಲಿ ಕೋಲೂರಿ ನಡೆಯುತ್ತಾರೆ. ಫಿಸಿಯೋಥೆರಪಿಯವರು ಎರಡು ಮಣಿಕಟ್ಟಿಗೂ ಕೈಗಡಿಯಾರದಂತಹ ಸೆನ್ಸರ್ ಕಟ್ಟಿ, ಮೂರು ದಿನ ತೆಗೆಯಬೇಡಿ ಎಂದಿದ್ದಾರೆ. ಕಾಯಿಲೆ ಒಂದು ಕೈಗೆ, ಇನ್ನೊಂದಕ್ಕೇಕೆ? ಇದರಿಂದ ಕೈಗೆ ಬಲ ಬರುತ್ತದೆಯೇ? ಕರೆಂಟಿನ ಅಪಾಯವಿದೆಯೇ?
— ಓದುಗರು, ತಿಪಟೂರು

ಉತ್ತರ: ಕಡೆಯ ಸಂದೇಹವನ್ನು ಮೊದಲು ತೀರಿಸುವೆನು. ಆ ಸಾಧನವು ಮೈಗೆ ವಿದ್ಯುತ್ತನ್ನು ಹರಿಸುವುದೂ ಇಲ್ಲ, ಕೈಗೆ ಬಲವನ್ನು ತುಂಬುವುದೂ ಇಲ್ಲ. ಒಳಗಿನ ಅತಿಸೂಕ್ಷ್ಮ ಸಿಲಿಕಾನ್ ತುಣುಕು ಚಲನೆಗೆ ತಕ್ಕಂತೆ ತುಸುವೇ ಪಲ್ಲಟಗೊಳ್ಳಲು, ಅದರಿಂದ ಕೈಯ ವೇಗೋತ್ಕರ್ಷವನ್ನು ಸೆಕೆಂಡಿಗೆ ಹತ್ತಾರು ಬಾರಿ ಬರೆದಿಡುವ ಗುಮಾಸ್ತಿಕೆಯಷ್ಟೇ ಅದರ ಕೆಲಸ.

ಪರೀಕ್ಷಕರ ಕಣ್ಣೆದುರಿನಲ್ಲಿ, ‘ಲೋಟವನ್ನೆತ್ತಿ’ ಎಂದೊಡನೆ ಬಲಗೈಯಿಂದಲೇ ಎತ್ತಿ ತೋರಿಸುವ ರೋಗಿಯು, ಮನೆಗೆ ಬಂದು ಕುಳಿತ ಮೇಲೆ ಅದೇ ಲೋಟಕ್ಕೆ ಎಡಗೈಯನ್ನು ಚಾಚುತ್ತಾನೆ; ಪ್ರೀತಿಯುಳ್ಳ ಮಡದಿಯೋ ಸೊಸೆಯೋ ಮುದ್ದೆಯನ್ನು ಮುರಿದು ಬಾಯಿಗಿಡುವುದೂ ಉಂಟು. ಮೊದಲ ದಿನಗಳಲ್ಲಿ ಯತ್ನಿಸಿ ಸೋತ ಕೈಯನ್ನು ಬದಿಗಿರಿಸುವ ಅಭ್ಯಾಸವು, ಕೈಗೆ ಶಕ್ತಿ ಮರಳಿದ ಮೇಲೂ ಬಿಟ್ಟುಹೋಗದಿರುವ ಈ ಸ್ಥಿತಿಯನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ‘ಕಲಿತ ನಿರುಪಯೋಗ’ವೆಂದು ಕರೆದರು. ಇದು ಆಸ್ಪತ್ರೆಯಲ್ಲಿ ಕಾಣಿಸುವಂಥದಲ್ಲ. ಮನೆಯವರನ್ನು ಕೇಳಿದರೋ, ‘ಪರವಾಗಿಲ್ಲ, ಆಡಿಸುತ್ತಾರೆ’ ಎಂಬುದೇ ಎಲ್ಲ ಮನೆಗಳ ಉತ್ತರ. ಅದಕ್ಕೇ ಈ ಗುಮಾಸ್ತ ಬೇಕು.

ಎಡಗೈಗೂ ಕಟ್ಟುವುದು ಹೋಲಿಕೆಗಾಗಿ. ದಿನವೆಲ್ಲ ಮಲಗಿದ್ದವರ ಬಲಗೈ ಆಡಲಿಲ್ಲವೆಂದರೆ ಅದರಿಂದ ತಿಳಿಯುವುದೇನೂ ಇಲ್ಲ. ಪಂಚೆಯುಡಲು, ಮೀಯಲು, ಅಡಕೆಲೆ ಮಡಿಸಲು ಎರಡೂ ಕೈ ಬೇಕಾದ್ದರಿಂದ, ಆರೋಗ್ಯವಂತರಲ್ಲಿ, ಬಲಗೈಯವರಲ್ಲಿಯೂ ಸಹ, ಎರಡು ಕೈಗಳೂ ಹೆಚ್ಚುಕಡಮೆ ಸಮಾನ ಕಾಲ ಚಲಿಸುತ್ತವೆ. ಆ ಸಮತೆಯಿಂದ ನಿಮ್ಮ ತಂದೆಯವರ ಬಲಗೈ ಎಷ್ಟು ಹಿಂದುಳಿದಿದೆ ಎಂಬುದೇ ಇಲ್ಲಿನ ಲೆಕ್ಕ.

ಆದರೆ ಈ ಗುಮಾಸ್ತನಿಗೆ ವಿವೇಚನೆಯಿಲ್ಲ. ತುತ್ತನ್ನೆತ್ತಿದುದಕ್ಕೂ ನೊಣವನ್ನೋಡಿಸಿದುದಕ್ಕೂ ಅವನಿಗೆ ಭೇದ ತಿಳಿಯದು. ನಡೆವಾಗಿನ ಕೈಬೀಸೂ ಬಸ್ಸಿನ ಕುಲುಕಾಟವೂ ಅವನ ಲೆಕ್ಕಕ್ಕೆ ಸೇರುತ್ತವೆ. ಆದುದರಿಂದ ನಡೆದ, ಮಲಗಿದ, ಪ್ರಯಾಣ ಮಾಡಿದ ವೇಳೆಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಯಂತ್ರವನ್ನು ಮೆಚ್ಚಿಸಲೆಂದು ಅವರಿಂದ ಸುಮ್ಮನೆ ಕೈಬೀಸಿಸಬೇಡಿ. ಹೆಜ್ಜೆಯ ಎಣಿಕೆಯನ್ನಂತೂ ನಂಬಬೇಡಿ: ನಿಧಾನವಾಗಿ ಕಾಲೆಳೆದು ನಡೆಯುವವರ ಹೆಜ್ಜೆಗಳನ್ನು ಮಣಿಕಟ್ಟಿನ ಸಾಧನ ಬಹಳಷ್ಟು ಬಿಟ್ಟುಬಿಡುತ್ತದೆ, ಅದಕ್ಕೆ ಕಾಲಿನ ಹರಡಿಗೆ ಕಟ್ಟುವುದೇ ಮೇಲು.

ಒಳ್ಳೆಯ ಕೈಗೆ ಗವಸು ತೊಡಿಸಿ ದುರ್ಬಲವಾದ ಕೈಯಿಂದಲೇ ದುಡಿಸುವ ಟಾಬ್ ಅವರ ಚಿಕಿತ್ಸೆಯು, ಬೆರಳು ಮಣಿಕಟ್ಟುಗಳನ್ನು ಸ್ವಲ್ಪವಾದರೂ ಬಿಡಿಸಬಲ್ಲವರಿಗೆ ಗುಣಕಾರಿಯೆಂದು 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ತೋರಿಸಿದೆ. ಹಾಗೆಂದು ಮನೆಯಲ್ಲಿ ನೀವೇ ಎಡಗೈಯನ್ನು ಕಟ್ಟಿಹಾಕಬೇಡಿ. ಕೋಲಿರುವುದು ಆ ಕೈಯಲ್ಲಿ, ಅದು ತಪ್ಪಿದರೆ ಬೀಳುವುದು ಖಂಡಿತ.

ಲಕ್ವ ಹೊಡೆದ ಕೈಯಲ್ಲಿ ಸ್ಪರ್ಶಜ್ಞಾನ ಕುಂದಿರುವುದುಂಟಾದ್ದರಿಂದ ಪಟ್ಟಿ ಬಿಗಿಯಾದರೂ ಅವರಿಗೆ ತಿಳಿಯದೆ ಹೋಗಬಹುದು. ಬೆಳಗ್ಗೆ ಸಂಜೆ ಪಟ್ಟಿಯನ್ನು ಸರಿಸಿ ಚರ್ಮವನ್ನು ನೋಡಿ. ಬಾವು ಬಂದರೆ, ಬೆರಳಿನ ಬಣ್ಣ ಬದಲಾದರೆ, ಮೂರು ದಿನ ಮುಗಿಯಲೆಂದು ಕಾಯದೆ ಬಿಚ್ಚಿ ಫಿಸಿಯೋಥೆರಪಿಯವರಿಗೆ ಫೋನ್ ಮಾಡಿ.