ಮೈಯಳತೆಗೆ ಒಪ್ಪುವ ಸೈಕಲ್ಲು

ಅಂಗಿ ಹೊಲಿಯುವ ದರ್ಜಿಯು ಭುಜ, ಎದೆ, ತೋಳುಗಳ ಅಳತೆಯನ್ನು ಹಿಡಿಯದೆ ಕತ್ತರಿಗೆ ಕೈಹಾಕುವುದಿಲ್ಲ. ಚಪ್ಪಲಿ ಕೊಳ್ಳುವವನು ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡದೆ ಹಣ ಕೊಡುವುದಿಲ್ಲ. ಆದರೆ ದಿನಕ್ಕೆರಡು ಹೊತ್ತು ನಮ್ಮ ಮೈಭಾರವನ್ನೆಲ್ಲ ಹೊರುವ ಸೈಕಲ್ಲನ್ನು ಮಾತ್ರ, ಅದು ಅಂಗಡಿಯಲ್ಲಿ ಹೇಗಿತ್ತೋ ಹಾಗೆಯೇ ಮನೆಗೆ ತಂದು ವರ್ಷಗಟ್ಟಲೆ ತುಳಿಯುತ್ತೇವೆ. ಮಂಡಿ ನೊಂದರೆ ವಯಸ್ಸನ್ನೂ, ಸೊಂಟ ಹಿಡಿದರೆ ರಸ್ತೆಯನ್ನೂ ದೂರುವುದು ವಾಡಿಕೆಯಾಗಿದೆ. ಒಂದು ಸ್ಪ್ಯಾನರು, ಒಂದು ಟೇಪು, ಅರ್ಧ ಗಂಟೆಯ ತಾಳ್ಮೆ ಇವಿಷ್ಟಿದ್ದರೆ ತಪ್ಪಿಸಬಹುದಾದ ನೋವುಗಳು ಇವುಗಳಲ್ಲಿ ಹಲವುಂಟು. ಅವುಗಳ ವಿಚಾರವಾಗಿ ಅನುಭವಕ್ಕೆ ಬಂದ ನಾಲ್ಕು ಮಾತುಗಳನ್ನು ಇಲ್ಲಿ ನಿವೇದಿಸಲು ಬಯಸುತ್ತೇನೆ.

ರಾಜ್ಯ ಸರ್ಕಾರವು 2006-07ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದಾಗ, ಅಮೃತೂರಿನ ಸುತ್ತಣ ಹಳ್ಳಿಗಳಿಂದ ಓದಲು ಬರುವ ಮಕ್ಕಳಿಗೆ ಅದು ದೊಡ್ಡ ಉಪಕಾರವಾಯಿತು. ಅದರಲ್ಲೂ ಹೆಣ್ಣುಮಕ್ಕಳು ಬಸ್ಸಿನ ದಾರಿ ಕಾಯುವುದು ತಪ್ಪಿತು. 2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ ಮೇಲೆ ವಿತರಣೆ ನಿಂತಿತಾದರೂ, ಆ ಸೈಕಲ್ಲುಗಳಲ್ಲಿ ಕೆಲವು ಅಕ್ಕನಿಂದ ತಂಗಿಗೆ, ಅಣ್ಣನಿಂದ ತಮ್ಮನಿಗೆ ಇಳಿದು ಬಂದು ತೋಟದ ದಾರಿಗಳಲ್ಲಿ ಇನ್ನೂ ಓಡಾಡಿಕೊಂಡಿವೆ. ಎಂಟನೆಯ ತರಗತಿಯ ಮಗುವು ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಗೇಣುದ್ದ ಬೆಳೆದಿರುತ್ತದೆ. ಸೀಟು ಮಾತ್ರ ಕೊಟ್ಟ ದಿನ ಇದ್ದಲ್ಲಿಯೇ ಇರುತ್ತದೆ!

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ವಾರಕ್ಕೆ ಎರಡು ಮೂರು ದಿನ ಗೈರುಹಾಜರಾಗತೊಡಗಿದಳು. ಕರೆಸಿದಾಗ ಅವಳ ತಂದೆ ಬಂದು, “ಮಂಡಿನೋವು ಅಂತಾಳೆ ಮೇಷ್ಟ್ರೇ. ಡಾಕ್ಟ್ರಿಗೂ ತೋರ್ಸಾಯ್ತು. ಬಸ್ಸು ಹೊತ್ತಿಗೆ ಸರಿಯಾಗಿ ಬರಲ್ಲ. ಹತ್ತನೇ ಕ್ಲಾಸು ಬೇಡ, ಬಿಡಿಸ್ಬಿಡಾಣ ಅಂತಿದೀನಿ” ಎಂದರು. ಆ ಮಾತನ್ನು ಕೇಳಿ ನನಗೆ ಎದೆ ಧಸಕ್ಕೆಂದಿತು. ಸಂಜೆ ಅವಳು ಸೈಕಲ್ ಏರಿ ಹೋಗುವುದನ್ನು ಗೇಟಿನ ಬಳಿ ನಿಂತು ನೋಡಿದೆ. ಪೆಡಲ್ ಕೆಳಕ್ಕೆ ಬಂದಾಗಲೂ ಅವಳ ಮಂಡಿ ಮಡಿಸಿಕೊಂಡೇ ಇತ್ತು. ಮೇಲಕ್ಕೆ ಬಂದಾಗ ಹ್ಯಾಂಡಲ್ಲಿಗೆ ತಗಲುವಂತಿತ್ತು. ಮಂಡಿಯನ್ನು ಹೆಚ್ಚಾಗಿ ಮಡಿಸಿಕೊಂಡು ಬಲಬಿಟ್ಟು ತುಳಿದಾಗ ಮಂಡಿಚಿಪ್ಪು ಹಿಂದಿನ ಮೂಳೆಗೆ ಒತ್ತಿ ಉಜ್ಜಿಕೊಳ್ಳುತ್ತದೆ. ಮಂಡಿಯ ಮುಂಭಾಗದ ನೋವಿಗೆ ಇದೊಂದು ಸಾಮಾನ್ಯ ಕಾರಣ. ಮರುದಿನ ಅಳೆದು ನೋಡಲಾಗಿ, ಸೀಟು ಇರಬೇಕಾದುದಕ್ಕಿಂತ ಏಳು ಸೆಂಟಿಮೀಟರ್ ಕೆಳಗಿತ್ತು.

ಏಕೆ ಎತ್ತರಿಸಿಕೊಳ್ಳಲಿಲ್ಲವೆಂದು ಕೇಳಿದೆ. “ಕಾಲು ನೆಲಕ್ಕೆ ಎಟುಕಲ್ಲ ಸಾರ್, ಬಿದ್ಬಿಡ್ತೀನಿ” ಎಂದಳು. ಈ ಉತ್ತರದಲ್ಲಿಯೇ ವಿಷಯದ ಮರ್ಮವಿದೆ. ಸೀಟಿನ ಮೇಲೆ ಕುಳಿತಂತೆಯೇ ಎರಡು ಪಾದಗಳೂ ನೆಲಕ್ಕೆ ಊರಬೇಕೆಂಬ ಆಸೆಯಿಂದ ನಾವು ನಿಂತ ಸೈಕಲ್ಲಿಗೆ ಅಳತೆ ಮಾಡುತ್ತೇವೆ; ತುಳಿಯುವುದಾದರೋ ಓಡುವ ಸೈಕಲ್ಲನ್ನು. ಕಾಲಿಗೆ ತಕ್ಕ ಎತ್ತರದಲ್ಲಿರುವ ಸೀಟಿನಿಂದ ಸಾಮಾನ್ಯವಾಗಿ ಕಾಲ್ಬೆರಳ ತುದಿ ಮಾತ್ರ ನೆಲಕ್ಕೆ ಎಟುಕುತ್ತದೆ. ಆದುದರಿಂದ ನಿಲ್ಲಿಸುವ ಕ್ರಮವನ್ನು ಮೊದಲು ಕಲಿಸಿ ಅನಂತರ ಸೀಟಿಗೆ ಕೈಹಾಕಬೇಕು. ಬ್ರೇಕ್ ಹಿಡಿಯುತ್ತಾ ಒಂದು ಪೆಡಲನ್ನು ಕೆಳಕ್ಕೆ ತಂದು, ಅದರ ಮೇಲೆ ಎದ್ದು ನಿಂತು, ಸೀಟಿನಿಂದ ಮುಂದಕ್ಕೆ ಜಾರಿ ಇನ್ನೊಂದು ಪಾದವನ್ನು ನೆಲಕ್ಕೆ ಊರುವುದು. ಶಾಲೆಯ ಮೈದಾನದಲ್ಲಿ ಮೂರು ಸಂಜೆ ಇದನ್ನು ಅಭ್ಯಾಸ ಮಾಡಿಸಿ, ಕೆಲವು ದಿನಗಳಿಗೊಮ್ಮೆ ಒಂದೊಂದು ಬೆರಳಗಲದಂತೆ ಸೀಟನ್ನು ಏರಿಸುತ್ತ ಬಂದೆವು. ಒಮ್ಮೆಗೇ ಏರಿಸಿದರೆ ಸ್ನಾಯುಗಳು ಮುನಿಯುತ್ತವೆ, ಭಯವೂ ಹಿಂದಿರುಗುತ್ತದೆ.

ಸರಿಯಾದ ಎತ್ತರವನ್ನು ಕಂಡುಕೊಳ್ಳುವ ಅತ್ಯಂತ ಸರಳ ವಿಧಾನವೆಂದರೆ ಹಿಮ್ಮಡಿಯ ಪರೀಕ್ಷೆ. ಗೋಡೆಗೆ ಕೈ ಊರಿ ಸೀಟಿನ ಮೇಲೆ ಕುಳಿತು, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಅದನ್ನು ತೀರ ಕೆಳಕ್ಕೆ ತರಬೇಕು. ಆಗ ಕಾಲು ನೆಟ್ಟಗಾಗಬೇಕು, ಸೊಂಟ ಮಾತ್ರ ಪಕ್ಕಕ್ಕೆ ವಾಲಬಾರದು. ತುಳಿಯುವಾಗ ಪಾದದ ಮುಂಭಾಗವನ್ನು ಪೆಡಲಿಗಿಡುವುದರಿಂದ ಮಂಡಿಯಲ್ಲಿ ತಾನಾಗಿಯೇ ಒಂದು ಸಣ್ಣ ಬಾಗು ಉಳಿಯುತ್ತದೆ. ನೆಟ್ಟಗಿನ ಕಾಲಿನಿಂದ 25ರಿಂದ 35 ಡಿಗ್ರಿಗಳಷ್ಟು ಬಾಗು ಹಿತವೆಂದು ತಿಳಿದವರು ಹೇಳುತ್ತಾರೆ.

ಲೆಕ್ಕ ಬೇಕೆನ್ನುವವರಿಗೆ ಎರಡು ಸೂತ್ರಗಳುಂಟು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಮೇಲಕ್ಕೊತ್ತಿ, ಅದರ ಮೇಲಂಚಿನಿಂದ ನೆಲದವರೆಗೆ ಅಳೆದರೆ ಕಾಲಿನ ಒಳ ಉದ್ದ ದೊರೆಯುತ್ತದೆ. ಅದು 80 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯನ್ನು 1986, 1989, 1990ರಲ್ಲಿ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಪ್ರಸಿದ್ಧಪಡಿಸಿದ ಸೂತ್ರದಂತೆ ಇದನ್ನು 0.883ರಿಂದ ಗುಣಿಸಿದರೆ 70.6 ಬರುತ್ತದೆ. ಪೆಡಲಿನ ಕ್ರಾಂಕುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗಿನ ದೂರ ಇಷ್ಟಿರಬೇಕು. 1967ರಲ್ಲಿ ಇಂಗ್ಲೆಂಡಿನ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಕಾರ, ಕೆಳಗಿಳಿದ ಪೆಡಲಿನಿಂದ ಸೀಟಿನವರೆಗೆ ಒಳ ಉದ್ದದ ನೂರಕ್ಕೆ 109 ಭಾಗ, ಅಂದರೆ 87.2 ಸೆಂಟಿಮೀಟರ್ ಇರಬೇಕು. ಕ್ರಾಂಕಿನ ಉದ್ದ 17 ಸೆಂಟಿಮೀಟರ್ ಆದರೆ ಮೊದಲ ಸೂತ್ರದಂತೆ 87.6 ಆಗುವುದು. ಬೇರೆ ಬೇರೆ ದಾರಿಯಿಂದ ಬಂದ ಎರಡು ಲೆಕ್ಕಗಳಿಗೆ ಇರುವ ಅಂತರ ಕೇವಲ 4 ಮಿಲಿಮೀಟರ್! ಗಣಿತದ ಮೇಷ್ಟ್ರುಗಳು ಇದನ್ನು ತರಗತಿಯಲ್ಲಿ ಮಾಡಿಸಿದರೆ ಮಕ್ಕಳಿಗೆ ದಶಾಂಶದ ಮೇಲೂ ಪ್ರೀತಿ ಹುಟ್ಟೀತು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನದು ಇದಕ್ಕೆ ತದ್ವಿರುದ್ಧವಾದ ಪ್ರಕರಣ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಆತ, ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕ್ ಕೊಂಡು, ನೆಲಮಂಗಲ, ಸೋಲೂರು, ಕುಣಿಗಲ್ ಮಾರ್ಗವಾಗಿ ಊರಿಗೆ ತುಳಿದುಕೊಂಡೇ ಬಂದ. ಬಂದವನಿಗೆ ಕಾಫಿ ಲೋಟ ಹಿಡಿಯಲಾಗಲಿಲ್ಲ. ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು ಹಿಡಿದಿದ್ದವು. ಕತ್ತು ತಿರುಗುತ್ತಿರಲಿಲ್ಲ. ಅವನ ಸೀಟಿನ ಎತ್ತರ ಸರಿಯಾಗಿಯೇ ಇತ್ತು. ಆದರೆ ಪಂದ್ಯಗಾರರ ಚಿತ್ರಗಳನ್ನು ನೋಡಿ ಹ್ಯಾಂಡಲ್ಲನ್ನು ಕೆಳಕ್ಕೂ ದೂರಕ್ಕೂ ಇರಿಸಿಕೊಂಡಿದ್ದ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಬಂದ ಸೈಕಲ್ ಪಟುಗಳು ಹಾಗೆ ಬಗ್ಗಿ ಗಾಳಿ ಸೀಳಿಕೊಂಡು ಹೋಗುವುದರ ಹಿಂದೆ ವರ್ಷಗಳ ವ್ಯಾಯಾಮವಿದೆ. ದಿನವಿಡೀ ಕುರ್ಚಿಯಲ್ಲಿ ಕೂರುವವನ ಬೆನ್ನು ಅದಕ್ಕೆ ಸಿದ್ಧವಿರುವುದಿಲ್ಲ. ಬೆನ್ನು ತಾಳದ ಭಾರ ಅಂಗೈಗೆ ಇಳಿದು, ಅಂಗೈಯ ಹೊರಬದಿಯಲ್ಲಿ ಹಾಯುವ ನರವನ್ನು ಅಮುಕುತ್ತದೆ. ಜೋಮಿಗೆ ಅದೇ ಕಾರಣ.

ಹ್ಯಾಂಡಲ್ಲನ್ನು ಫ್ರೇಮಿಗೆ ಕೂಡಿಸುವ ಮೋಟು ತುಂಡಿಗೆ ಸ್ಟೆಮ್ ಎಂದು ಹೆಸರು. ಅವನದು 120 ಮಿಲಿಮೀಟರ್ ಉದ್ದವಿದ್ದಿತು. ಅದನ್ನು ತೆಗೆದು 90ರದ್ದನ್ನು, ಮೇಲ್ಮುಖವಾಗಿ ಹಾಕಿಸಿದಾಗ ಹ್ಯಾಂಡಲ್ಲು ಹತ್ತಿರಕ್ಕೂ ಬಂತು, ಮೇಲಕ್ಕೂ ಬಂತು. ಬ್ರೇಕಿನ ಹಿಡಿಗಳ ಮೇಲೆ ಕೈಯಿಟ್ಟಾಗ ಮೊಣಕೈ ಸ್ವಲ್ಪ ಬಾಗಿರಬೇಕು, ಹೆಗಲು ಕಿವಿಯತ್ತ ಏರಬಾರದು. ಇನ್ನು ಫ್ರೇಮೇ ಮೈಗಿಂತ ದೊಡ್ಡದಾಗಿದ್ದರೆ ಸ್ಟೆಮ್ ಬದಲಿಸಿ ಫಲವಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಇನ್ನೊಬ್ಬರ ಸೈಕಲ್ಲನ್ನು ಕೊಳ್ಳುವವರು ಇದನ್ನು ಮೊದಲೇ ನೋಡಿಕೊಳ್ಳತಕ್ಕದ್ದು.

ಸೀಟು ಹಿಂದೆ ಮುಂದೆ ಸರಿಯುವ ವಿಚಾರವೂ ಇದೆ. ಕ್ರಾಂಕುಗಳನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಕಲ್ಲು ಕಟ್ಟಿದ ದಾರವನ್ನು ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನಿಂದ ಇಳಿಬಿಟ್ಟರೆ ಅದು ಪೆಡಲಿನ ಅಚ್ಚಿನ ಮೇಲೆ ಬೀಳಬೇಕೆಂಬುದು ರೂಢಿಯ ನಿಯಮ. ಇದು ಆರಂಭಕ್ಕೆ ಒಳ್ಳೆಯದು, ಆದರೆ ಶಾಸನವೇನಲ್ಲ. ಸೀಟಿನ ಮೂತಿ ಮೇಲೆದ್ದಿದ್ದರೆ ಮೃದು ಭಾಗಕ್ಕೆ ಒತ್ತುತ್ತದೆ, ಕೆಳಗಿಳಿದಿದ್ದರೆ ಸವಾರ ಮುಂದಕ್ಕೆ ಜಾರಿ ಕೈಗಳಿಗೆ ಭಾರ ಬೀಳುತ್ತದೆ. ಗಾರೆಯವರ ರಸಮಟ್ಟವನ್ನು ಸೀಟಿನ ಮೇಲಿಟ್ಟರೆ ಕ್ಷಣದಲ್ಲಿ ತಿಳಿಯುತ್ತದೆ. ದಪ್ಪ ಮೆತ್ತೆಯಿಂದ ಸುಖವೆಂಬುದು ಭ್ರಮೆ. ಕುಳಿತಾಗ ಕೆಳಗೊತ್ತುವ ಎರಡು ಮೂಳೆಗಳಿಗೆ ಗಟ್ಟಿ ಆಸರೆ ಬೇಕು. ಮೆತ್ತೆಯಲ್ಲಿ ಅವು ಹೂತುಹೋದರೆ ಒತ್ತಡವೆಲ್ಲ ನಡುವಿನ ಮೃದು ಭಾಗದ ಮೇಲೆ ಬೀಳುತ್ತದೆ.

ಒಂದು ಎಚ್ಚರಿಕೆ. ಸೀಟಿನ ಕಂಬಿಯ ಮೇಲೆ ಇಷ್ಟಕ್ಕಿಂತ ಹೊರಗೆ ಎಳೆಯಬಾರದೆಂಬ ಗೆರೆಯೊಂದು ಕೊರೆದಿರುತ್ತದೆ. ಅದು ಹೊರಗೆ ಕಂಡರೆ ಕಂಬಿ ಮುರಿದು ಅಪಾಯವಾದೀತು. ಬದಲಾವಣೆಗಳನ್ನು ಒಂದು ಬಾರಿಗೆ ಒಂದರಂತೆ ಮಾಡಿ, ಹಳೆಯ ಜಾಗಕ್ಕೆ ಕರೆಂಟಿನ ಟೇಪು ಸುತ್ತಿ ಗುರುತಿಡುವುದು ಲೇಸು. ನಾಲ್ಕನ್ನೂ ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಗುಣವಾಯಿತೆಂದು ಎಂದಿಗೂ ತಿಳಿಯುವುದಿಲ್ಲ.

ಆ ಹುಡುಗಿಯ ಮಂಡಿನೋವು ಎರಡು ತಿಂಗಳಲ್ಲಿ ಇಳಿಯಿತು. ಹತ್ತನೆಯ ತರಗತಿಯನ್ನು ಆಕೆ ಇಲ್ಲಿಯೇ ಮುಗಿಸಿದಳು. ಆಕೆಯ ಸೈಕಲ್ಲು ತಂಗಿಗೆ ಬಂದ ದಿನ, ತಂದೆಯೇ ಅದನ್ನು ತಳ್ಳಿಕೊಂಡು ಶಾಲೆಗೆ ಬಂದು, “ಇವಳ ಅಳತೆಗೆ ಇಳಿಸಿಕೊಡಿ ಮೇಷ್ಟ್ರೇ” ಎಂದು ಸ್ಪ್ಯಾನರನ್ನು ಕೈಗೆ ಕೊಟ್ಟರು.